ಹಳೆ ಜೀಪ್ ಮನೇಲೇ ರೆಡಿ ಮಾಡೋದು ಹೇಗೆ? ದುಡ್ಡು ಮೊದಲು ಗಾಡಿ ಕೆಳಗೆ ಹಾಕಿ

ನಮಸ್ಕಾರ ಎಲ್ರಿಗೂ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಹೋದ್ರೆ ಎಷ್ಟೋ ತೋಟದ ಮನೆ ಕೊಟ್ಟಿಗೇಲಿ ಮಹೀಂದ್ರಾದ ಹಳೆ ಜೀಪು, ಒಂದು ಎಂಎಂ540 ಇಲ್ಲಾ ಹಳೆ ಸಿಜೆ, ಟಾರ್ಪಾಲು ಹೊದ್ಕೊಂಡು ನಿಂತಿರುತ್ತೆ. ಅದನ್ನ ತಗೊಂಡು ರೆಡಿ ಮಾಡ್ಬೇಕು ಅನ್ನೋ ಆಸೆ ತುಂಬಾ ಜನಕ್ಕಿದೆ, ಒಳ್ಳೆ ಆಸೆನೇ. ಆದ್ರೆ ತಗೊಂಡ ತಕ್ಷಣ ದಪ್ಪ ಟೈರು, ಲೈಟ್ ಬಾರು, ಮ್ಯಾಟ್ ಪೇಂಟು ಅಂತ ದುಡ್ಡು ಖಾಲಿ ಮಾಡ್ಕೊಂಡ್ಬಿಡ್ತಾರೆ, ಆಮೇಲೆ ಎರಡು ಮಳೆಗಾಲ ಕಳೆಯೋದ್ರೊಳಗೆ ಆ ಪೇಂಟ್ ಅಡಿಯಿಂದಾನೇ ತುಕ್ಕು ಗುಳ್ಳೆ ಏಳುತ್ತೆ. ನಮ್ಮ ಕಡೆ ಜೀಪಿಗೆ ದೊಡ್ಡ ಶತ್ರು ಕಲ್ಲು ರೋಡಲ್ಲ ಮಾರಾಯ್ರೆ, ನೀರು. ಅದಕ್ಕೆ ಇವತ್ತು ಕೆಲಸ ಕೆಳಗಿಂದ ಶುರು ಮಾಡೋಣ.

[ಕ್ಯಾಮೆರಾ ಗಾಡಿ ಅಡಿಗೆ ಹೋಗುತ್ತೆ, ಟಾರ್ಚ್ ಬೆಳಕು ಚಾಸಿ ಮೇಲೆ]

ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ ಸಾಕು. ಚಾಸಿ, ಅಂದ್ರೆ ಗಾಡಿ ಪೂರ್ತಿ ಹೊತ್ತಿರೋ ಕಬ್ಬಿಣದ ಚೌಕಟ್ಟು, ಅದರ ಉದ್ದಕ್ಕೂ ತಟ್ಕೊಂಡು ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತುಕ್ಕು ತಿಂದಿದ್ರೆ ಸದ್ದು ಮಂಕಾಗಿ ಬರುತ್ತೆ, ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ), ಪಟ್ಟಾ ಸ್ಪ್ರಿಂಗ್ ಹ್ಯಾಂಗರ್ ಕೂರೋ ಜಾಗ, ಬಾಡಿ ಬೋಲ್ಟ್ ಸುತ್ತಮುತ್ತ, ಇಷ್ಟು ಕಡೆ ಮಾತ್ರ ಬಿಡ್ಲೇಬೇಡಿ. ಚಾಸಿ ಒಳಗೆ ಕೆಂಪು ಮಣ್ಣು ಹೋಗಿ ಕೂತಿರುತ್ತೆ, ನೀರು ಇಳಿಯೋ ತೂತು ಮುಚ್ಚಿರುತ್ತೆ, ಆ ಮಣ್ಣು ಆಗುಂಬೆ ಕಡೆ ಥಂಡಿಲಿ ತಿಂಗಳುಗಟ್ಲೆ ಒಣಗೋದೇ ಇಲ್ಲ. ಮೊದಲು ಆ ತೂತು ಬಿಡಿಸಿ, ಪ್ರೆಷರ್ ವಾಶರ್ ಹಿಡಿದು ಒಳಗಿಂದ ಕೆಂಪು ನೀರು ಬರೋದು ನಿಲ್ಲೋವರೆಗೂ ತೊಳೀರಿ, ಆಮೇಲೆ ಬಿಸಿಲಲ್ಲಿ ಬಿಡಿ.

[ಹಿಂದಿನ ಫ್ಲೋರ್ ಹತ್ತಿರದಿಂದ]

ಇದನ್ನ ಸ್ವಲ್ಪ ಗಮನ ಕೊಟ್ಟು ನೋಡಿ. ಮುಂದಿನ ಫ್ಲೋರ್ ಪರವಾಗಿಲ್ಲ, ಹಿಂದೆ ಮಾತ್ರ ಜರಡಿ ಆಗಿದೆ. ಯಾಕಂದ್ರೆ ಇದು ತೋಟದ ಗಾಡಿ, ಅಡಿಕೆ ಕೊಳೆ ಔಷಧಿ ಡ್ರಮ್ಮು ಹೊತ್ತ ಗಾಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ ಹಾಕಿ ಬೋರ್ಡೋ ಮಾಡ್ತೀವಲ್ಲ, ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಕತ್ತಿ ಅದ್ದಿ ತೆಗೀತೀವಿ, ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಕಡಿಮೆ ಆಗಿದೆ ಅಂತ. ಹಂಗೆ ತಾಮ್ರ ಕೂರುವಾಗ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಸೇರಿರುತ್ತೆ. ಮೈಲುತುತ್ತದ ನೀರು ಫ್ಲೋರ್ ಮೇಲೆ ಚೆಲ್ಲಿ ಪೇಂಟ್ ಕಿತ್ತಿರೋ ಜಾಗಕ್ಕೆ ತಾಗಿದ್ರೆ ಅಲ್ಲೂ ಇದೇ ನಡೆಯೋದು. ತೋಟದಲ್ಲಿ ದುಡಿದ ಜೀಪ್ ತಗೊಳ್ಳೋರು ಹಿಂದಿನ ಮ್ಯಾಟ್ ಎತ್ತಿಸಿ ನೋಡದೆ ಅಡ್ವಾನ್ಸ್ ಕೊಡ್ಬೇಡಿ.

ತಿಂದಿರೋ ತಗಡಿನ ಮೇಲೆ ಇನ್ನೊಂದು ತಗಡು ಮುಚ್ಚಿ ವೆಲ್ಡ್ ಹೊಡೆಯೋದು ತುಂಬಾ ಕಡೆ ನಡೆಯುತ್ತೆ, ದಯವಿಟ್ಟು ಬೇಡ, ಎರಡರ ಮಧ್ಯೆ ನೀರು ನಿಂತು ಹೊಸದನ್ನೂ ತಿನ್ನುತ್ತೆ. ಒಳ್ಳೆ ಕಬ್ಬಿಣ ಸಿಗೋವರೆಗೂ ಕತ್ತರಿಸಿ, ಫ್ಲೋರಿಗೆ 16 ಗೇಜ್ ಶೀಟ್ ಹಾಕಿ. ಕತ್ತರಿಸೋಕೆ ಮುಂಚೆ ಬಾಡಿ ಒಳಗೆ ಅಡ್ಡಡ್ಡ ಆಂಗಲ್ ಕೊಟ್ಟು ಹಿಡಿದು ನಿಲ್ಲಿಸಿ, ಇಲ್ಲಾಂದ್ರೆ ಬಾಡಿ ಸೊಟ್ಟ ಆಗುತ್ತೆ. ವೆಲ್ಡ್ ಹೊಡೆಯೋಕೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ, ಇಲ್ಲಾಂದ್ರೆ ಆಲ್ಟರ್ನೇಟರ್ ಡಯೋಡ್ ಹೋಗೋ ಚಾನ್ಸ್ ಇದೆ. ಹಳೆ ಸಿಜೆಗಳಲ್ಲಿ ಡೀಸೆಲ್ ಟ್ಯಾಂಕ್ ಡ್ರೈವರ್ ಸೀಟ್ ಕೆಳಗೇ ಇರುತ್ತೆ, ಅದನ್ನ ಪೂರ್ತಿ ಇಳಿಸಿ ದೂರ ಇಡದೆ ಕಿಡಿ ಹಾರಿಸೋ ಕೆಲಸ ಮಾಡ್ಲೇಬೇಡಿ. ಫ್ಲೋರ್ ನೀವೇ ಮಾಡ್ಕೋಬಹುದು, ಚಾಸಿ ವೆಲ್ಡಿಂಗ್ ಮಾತ್ರ ಕೈ ಪಳಗಿದವ್ರಿಗೇ ಕೊಡಿ, ಶಿವಮೊಗ್ಗ ಸಾಗರ ರೋಡ್ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿದ್ರೆ ಜೀಪ್ ಚಾಸಿ ಗೊತ್ತಿರೋರು ಸಿಕ್ತಾರೆ.

ವೈರ್ ಬ್ರಷ್ ಹಿಡಿಯೋಕೆ ಮುಂಚೆ ಚಾಸಿ ನಂಬರ್ ಎಲ್ಲಿದೆ ಅಂತ ಹುಡುಕಿ ಅದರ ಮೇಲೆ ಟೇಪ್ ಅಂಟಿಸಿ. ಗ್ರೈಂಡರ್ ತಾಗಿ ನಂಬರ್ ಅಳಿಸಿದ್ರೆ ನಾಳೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ದೊಡ್ಡ ತಲೆನೋವು, ಅಲ್ಲಿ ಪೆನ್ಸಿಲ್ ಉಜ್ಜಿ ಪ್ರಿಂಟ್ ತಗೋತಾರೆ. ಆಮೇಲೆ ತುಕ್ಕು ಕೆರೆದು, ರಸ್ಟ್ ಕನ್ವರ್ಟರ್, ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಚಾಸಿ ಒಳಗೆ ಮೇಣದ ಕೋಟಿಂಗ್ ಸ್ಪ್ರೇ. ಹಳೆ ಎಂಜಿನ್ ಆಯಿಲ್ ಹೊಡೀಬೇಡಿ, ಅದು ರಬ್ಬರ್ ಬುಶ್ ಹಾಳು ಮಾಡುತ್ತೆ, ತೊಳೆದಾಗ ಹಳ್ಳಕ್ಕೂ ಸೇರುತ್ತೆ. ಪೇಂಟ್ ಕೆಲಸ ದೀಪಾವಳಿ ಆದ್ಮೇಲೆ ಹಿಡಿದು ಬೇಸಿಗೇಲಿ ಮುಗಿಸಿ. ಮೃಗಶಿರ ಮಳೆ ಹಿಡಿದ ಮೇಲೆ ಹೊಡೆದ ಪೇಂಟ್ ಸರಿಯಾಗಿ ಕೂರಲ್ಲ.

[ಚಕ್ರ ಬಿಚ್ಚಿದ ಶಾಟ್, ಬ್ರೇಕ್ ಡ್ರಮ್]

ಈಗ ಬ್ರೇಕ್. ಹಳೆ ಸಿಜೆಗಳಲ್ಲಿ ನಾಲ್ಕೂ ಕಡೆ ಡ್ರಮ್ಮು, ಮಾಸ್ಟರ್ ಸಿಲಿಂಡರ್ ಸಿಂಗಲ್ ಸರ್ಕ್ಯೂಟ್, ಅಂದ್ರೆ ಒಂದೇ ಒಂದು ವೀಲ್ ಸಿಲಿಂಡರ್ ಲೀಕಾದ್ರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತೆ. ಆಗುಂಬೆ ಘಾಟಿಲಿ 14 ಹೇರ್‌ಪಿನ್ ಇದಾವೆ, ಅಲ್ಲಿ ಇಳಿಯೋ ಗಾಡಿಗೆ ಇದರಲ್ಲಿ ರಾಜಿ ಇಲ್ಲ. ನಾಲ್ಕೂ ವೀಲ್ ಸಿಲಿಂಡರ್ ಕಿಟ್, ಹೋಸು, ತುಕ್ಕು ಹಿಡಿದ ಪೈಪು ಹೊಸದು ಹಾಕಿ. ಬ್ರೇಕ್ ಆಯಿಲ್ ಗಾಳಿಲಿರೋ ತೇವ ಹೀರ್ಕೊಳ್ಳುತ್ತೆ, ಕುದಿಯೋ ಬಿಂದು ಕೆಳಗಿಳಿಯುತ್ತೆ, ಹಂಗಾಗಿ ಅರ್ಧ ಖಾಲಿ ಡಬ್ಬಿ ಇದ್ರೆ ಅದನ್ನ ಬಳಸ್ಬೇಡಿ.

ಎಂಜಿನ್ ಬಗ್ಗೆ ಜಾಸ್ತಿ ಹೇಳಲ್ಲ, ಅದಕ್ಕೇ ಒಂದು ವಿಡಿಯೋ ಬೇಕು. ಎಂಎಂ540ಯಲ್ಲಿ ಬರೋ ಪೆಜೋ ಎಕ್ಸ್‌ಡಿಪಿ 2112 ಸಿಸಿ ಎಂಜಿನ್ ಚಳೀಲಿ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂದ ತಕ್ಷಣ ಎಂಜಿನ್ ಬಿಚ್ಚಿಸ್ಬೇಡಿ, ಮೊದಲು ಹೀಟರ್ ಪ್ಲಗ್ ನೋಡಿ, ಆಮೇಲೆ ಡೀಸೆಲ್ ಲೈನಲ್ಲಿ ಗಾಳಿ ಹಿಡಿದಿದೆಯಾ ನೋಡಿ.

[ಆಕ್ಸಲ್ ಮೇಲಿನ ಬ್ರೀದರ್]

ಮಾಡಿಫಿಕೇಶನ್ ಅಂದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಇದು, ಹೊರಗೆ ಕಾಣೋದೂ ಇಲ್ಲ. ಆಕ್ಸಲ್ ಮೇಲೆ ಈ ಸಣ್ಣ ಬ್ರೀದರ್, ಅಂದ್ರೆ ಒಳಗಿನ ಗಾಳಿ ಆಡೋ ದಾರಿ, ಇದೆ ನೋಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಮಣ್ಣು ತುಂಬಿ ಮುಚ್ಚಿದ್ರೆ ಆಯಿಲ್ ಸೀಲ್ ದಾರೀಲಿ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಡ್ರೈನ್ ಬಿಚ್ಚಿದಾಗ ಆಯಿಲ್ ಬೆಳ್ಳಗೆ ನೊರೆ ನೊರೆಯಾಗಿ ಬಂದ್ರೆ ಇದೇ ಕಥೆ. ಬ್ರೀದರ್ ತೆಗೆದು ಅಲ್ಲಿಗೆ ಒಂದು ನಿಪ್ಪಲ್, ಅದಕ್ಕೊಂದು ರಬ್ಬರ್ ಪೈಪು, ಪೈಪಿನ ತುದಿ ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟಿಬಿಡಿ, ಅಷ್ಟೇ ಕೆಲಸ.

ಇನ್ನೊಂದು, ಹೆಡ್‌ಲೈಟ್ ಮಂಕಾಗಿದೆ ಅಂತ ಕಣ್ಣು ಕುಕ್ಕೋ ಎಲ್‌ಇಡಿ ಹಾಕ್ತಾರೆ. ಹಳೆ ವೈರಿಂಗಲ್ಲಿ ಕರೆಂಟ್ ಪೂರ್ತಿ ಸ್ವಿಚ್ ಮೂಲಕ ಸುತ್ತಿ ಬರೋದಕ್ಕೆ ವೋಲ್ಟೇಜ್ ಬೀಳುತ್ತೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ದಪ್ಪ ವೈರ್ ಎಳೆದು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಕೊಡಿ, ಅದೇ ಹಳೆ ಲೈಟು ಎಷ್ಟು ಬೆಳಕು ಕೊಡುತ್ತೆ ನೋಡಿ.

ಟೈರ್ ವಿಚಾರ ಬೇಜಾರಾಗ್ಬಹುದು, ಆದ್ರೂ ಹೇಳ್ತೀನಿ. ಕಂಪನಿಯಿಂದ ಬಂದ 6.00-16 ಸಣ್ಣ ಟೈರು ಕೆಸರನ್ನ ಕೊರ್ಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ, ಕೊಡಚಾದ್ರಿ ಥರ ರೋಡಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ತುಂಬಾ ದೊಡ್ಡದು ಹಾಕಿದ್ರೆ ಸ್ಟೀರಿಂಗು, ಬ್ರೇಕು, ಆಕ್ಸಲ್ಲು ಎಲ್ಲದಕ್ಕೂ ಹೊರೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಬಣ್ಣ ಬದಲಾಯಿಸಿದ್ರೆ ಆರ್‌ಸಿಲಿ ಎಂಟ್ರಿ ಮಾಡಿಸಿ, ಎಂಜಿನ್ ಬದಲಾಯಿಸೋದಾದ್ರೆ ಮೊದಲೇ ಆರ್‌ಟಿಓ ಒಪ್ಪಿಗೆ ತಗೊಳ್ಳಿ. 15 ವರ್ಷ ದಾಟಿದ ಸ್ವಂತ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಆಗ್ಬೇಕು, ಶಿವಮೊಗ್ಗದ ಕೆಎ-14 ಇರಲಿ ಸಾಗರದ ಕೆಎ-15 ಇರಲಿ, ಆರ್‌ಸಿ ಚಾಲ್ತಿ ಇದೆಯಾ ಅಂತ ನೋಡದೆ ಗಾಡಿ ತಗೋಬೇಡಿ.

[ಗಾಡಿ ಅಂಗಳದಿಂದ ಹೊರಗೆ ಬರುತ್ತೆ]

ಎಲ್ಲ ಜೋಡಿಸಿ ರೋಡಿಗೆ ಇಳಿಸಿದ ಮೇಲೆ ಒಣ ಟಾರ್ ರೋಡಲ್ಲಿ ಫೋರ್‌ವೀಲ್ ಹಾಕ್ಬೇಡಿ, ಇದರಲ್ಲಿ ಹಿಂದಿನ ಮುಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಮಧ್ಯದ ಡಿಫರೆನ್ಶಿಯಲ್ ಇಲ್ಲ, ತಿರುವಲ್ಲಿ ಹಿಡ್ಕೊಂಡು ಗೇರ್‌ಗಳ ಮೇಲೆ ಭಾರ ಬೀಳುತ್ತೆ. ಮೊದಲ 100 ಕಿಲೋಮೀಟರ್ ಆದ್ಮೇಲೆ ವಾಪಸ್ ಅಂಗಳಕ್ಕೆ ತಂದು ಪಟ್ಟಾದ ಯು ಬೋಲ್ಟು, ಚಕ್ರದ ನಟ್ಟು, ಸ್ಟೀರಿಂಗ್ ಬಾಕ್ಸ್ ಬೋಲ್ಟು ಎಲ್ಲ ಇನ್ನೊಂದ್ಸಲ ಟೈಟ್ ಮಾಡಿ, ನಾಲ್ಕೂ ಚಕ್ರದ ಒಳಮೈಗೆ ಬೆರಳು ಹಚ್ಚಿ ಬ್ರೇಕ್ ಆಯಿಲ್ ಜಿನುಗ್ತಿದೆಯಾ ನೋಡಿ.