ವಸಡಿನಲ್ಲಿ ರಕ್ತ ಬಂತೆಂದು ಬ್ರಶ್ ಬಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಲ್ಲಿನ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ಹೇಳುವುದು ಬೇಕಾದಷ್ಟಿದೆ, ಸಮಯ ಕಡಿಮೆ. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ರೇಡಿಯೋ ಆರಿಸಿ ಎದ್ದು ಹೋದರೂ ನನಗೆ ಬೇಸರವಿಲ್ಲ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ. ರಕ್ತ ಬರುವ ಜಾಗವನ್ನೇ ಇನ್ನೂ ಚೆನ್ನಾಗಿ ಉಜ್ಜಿ.

ತಲೆಕೆಳಗಾದ ಮಾತು ಅನ್ನಿಸಿತು, ಅಲ್ವಾ? ಕೈಗೆ ಗಾಯವಾದರೆ ಆ ಜಾಗ ಮುಟ್ಟದೆ ಬಿಡುತ್ತೇವೆ. ವಸಡಿಗೂ ಅದೇ ಲೆಕ್ಕ ಅಂತ ಜನ ಅಂದುಕೊಳ್ಳುತ್ತಾರೆ. ಬಾಯಿ ತೆರೆಸಿ ಪುಟ್ಟ ಕನ್ನಡಿ ಹಿಡಿದ ಕೂಡಲೇ ನನಗೆ ಅದು ಗೊತ್ತಾಗಿಬಿಡುತ್ತದೆ. ಒಂದು ಪಕ್ಕದ ಹಲ್ಲು ಹೊಳೆಯುತ್ತಿರುತ್ತವೆ, ವಸಡು ಗಟ್ಟಿಯಾಗಿ ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ಇನ್ನೊಂದು ಪಕ್ಕದಲ್ಲಿ ಹಲ್ಲಿನ ಬುಡಕ್ಕೆ ಹಳದಿ ಗೆರೆ, ಊದಿಕೊಂಡ ವಸಡು. ಸಲಕರಣೆ ಸುಮ್ನೆ ತಾಗಿಸಿದರೂ ರಕ್ತ ಒಸರುತ್ತದೆ. "ಈ ಕಡೆ ಉಜ್ಜುವುದಿಲ್ವಾ?" ಅಂತ ಕೇಳುತ್ತೇನೆ. "ರಕ್ತ ಬರ್ತಿತ್ತು ಡಾಕ್ಟ್ರೇ, ಅದಕ್ಕೇ ಬಿಟ್ಟೆ." ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಬಿಟ್ಟಿದ್ದಕ್ಕೇ ಅಲ್ವೇ ಸ್ವಾಮಿ, ರಕ್ತ ಇನ್ನೂ ಜಾಸ್ತಿಯಾಗಿದ್ದು!

ರಕ್ತ ಯಾಕೆ ಬರುತ್ತದೆ? ಬೆಳಿಗ್ಗೆ ಎದ್ದ ತಕ್ಷಣ ಹಲ್ಲಿನ ಬುಡವನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಬಿಳಿಯ, ಮೆತ್ತನೆಯ ಏನೋ ಒಂದು ಉಗುರಿಗೆ ಬರುತ್ತದೆ. ಊಟದ ಚೂರು ಅಂದುಕೊಳ್ಳಬೇಡಿ. ಅದು ಬ್ಯಾಕ್ಟೀರಿಯಾಗಳ ಪದರ. ನಾವು ಅದನ್ನು ಪ್ಲಾಕ್ ಅನ್ನುತ್ತೇವೆ. ಹಲ್ಲು ಎಷ್ಟೇ ಚೆನ್ನಾಗಿ ಉಜ್ಜಿದರೂ ಕೆಲವೇ ಗಂಟೆಗಳಲ್ಲಿ ಮತ್ತೆ ಕಟ್ಟತೊಡಗುತ್ತದೆ. ವಸಡು ಹಲ್ಲಿಗೆ ಸೇರುವ ಗೆರೆಯಲ್ಲಿ ಅದು ಉಳಿದುಬಿಟ್ಟರೆ ದೇಹ ಅದರ ವಿರುದ್ಧ ಹೋರಾಟಕ್ಕೆ ಇಳಿಯುತ್ತದೆ. ಆ ಜಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ, ವಸಡು ಊದುತ್ತದೆ, ಒಳಗಿನ ಪದರ ತೆಳ್ಳಗಾಗುತ್ತದೆ. ಆಗ ಬ್ರಶ್ ತಾಗಿದರೆ ಸಾಕು, ರಕ್ತ. ನೀವು ಬ್ರಶ್ಶನ್ನು ಬೈಯುತ್ತೀರಿ. ಬೈಯಬೇಕಾದದ್ದು ಆ ಪದರವನ್ನು.

ಇಲ್ಲಿ ನಿಮಗೊಂದು ಕಥೆ ಹೇಳಲೇಬೇಕು. ಕಥೆಯಲ್ಲ, ನಡೆದದ್ದು. ವಸಡು ಊದುವುದಕ್ಕೆ ಹಿಂದೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ವಯಸ್ಸು ಅಂತ ಕೆಲವರು, ಊಟದಲ್ಲಿ ಸತ್ವ ಕಡಿಮೆ ಅಂತ ಕೆಲವರು. ಡೆನ್ಮಾರ್ಕಿನ ಆರ್ಹಸ್ ಊರಿನ ದಂತ ಕಾಲೇಜಿನಲ್ಲಿ ಹರಾಲ್ಡ್ ಲೋ ಎಂಬ ಪ್ರೊಫೆಸರ್ ಇದ್ದರು. ವಾದ ಸಾಕು, ನೋಡಿಯೇ ಬಿಡೋಣ ಅಂತ ಹೊರಟರು. ವಸಡು ಚೆನ್ನಾಗಿರುವ 12 ಜನರನ್ನು ಆರಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಆ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳು. ಅವರಿಗೆ ಕೊಟ್ಟ ಕೆಲಸ ಏನು ಗೊತ್ತೇ? ಇವತ್ತಿನಿಂದ ಯಾರೂ ಹಲ್ಲುಜ್ಜಬೇಡಿ! ಹಲ್ಲಿನ ಡಾಕ್ಟರಾಗಲು ಬಂದ ಹುಡುಗರಿಗೆ ಹೇಳಿದ ಮಾತು ಇದು. ತರಗತಿಯಲ್ಲಿ ಅವರ ಪಕ್ಕ ಕೂತವರ ಪಾಡು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ದಿನ ಕಳೆದಂತೆ ಲೋ ಮತ್ತು ಅವರ ಜೊತೆಯವರು ಹಲ್ಲಿನ ಬುಡದ ಪದರವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋದರು. ಮೊದಲು ದುಂಡಗಿನ ಬ್ಯಾಕ್ಟೀರಿಯಾಗಳೇ ಹೆಚ್ಚು. ಆಮೇಲೆ ದಾರದ ಎಳೆಯಂಥವು ಸೇರಿಕೊಂಡವು. ಕೊನೆಗೆ ಸುರುಳಿ ಸುರುಳಿಯಾಗಿ ಓಡಾಡುವವು ಬಂದವು. ಇತ್ತ ವಸಡು ಊದತೊಡಗಿತು. ಕೆಲವರಿಗೆ 10 ದಿನಕ್ಕೇ, ಕೆಲವರಿಗೆ 21 ದಿನಕ್ಕೆ. ಆದರೆ 12 ಜನರಲ್ಲಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಎಲ್ಲರೂ ಹರೆಯದವರು, ಆರೋಗ್ಯವಂತರು. ಮೂರು ವಾರದ ಹಿಂದೆ ವಸಡಿನಲ್ಲಿ ಒಂದು ದೋಷವೂ ಇರಲಿಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನು ಮುಂದಿದೆ. ಎಲ್ಲರ ವಸಡೂ ಕೆಟ್ಟಿತು ಅಂತ ಖಚಿತವಾದ ಮೇಲೆ, ಸರಿ, ಮತ್ತೆ ಉಜ್ಜಲು ಶುರುಮಾಡಿ ಎಂದರು. ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ. ಊದಿದ, ರಕ್ತ ಬರುವ ವಸಡಿನ ಮೇಲೇ ಬ್ರಶ್ ಆಡಿಸಿದರು. ಸುಮಾರು ಒಂದು ವಾರದಲ್ಲಿ ವಸಡು ಮೊದಲಿನ ಹಾಗಾಯಿತು. 1965ರಲ್ಲಿ ಇದು ಅಚ್ಚಾಯಿತು. ಇಂದಿಗೂ ದಂತ ವೈದ್ಯ ಓದುವ ಪ್ರತಿಯೊಬ್ಬರೂ ಇದನ್ನು ಓದುತ್ತಾರೆ. ಇಷ್ಟು ಸರಳವಾಗಿ, ಇಷ್ಟು ನಿಚ್ಚಳವಾಗಿ ಒಂದು ಮಾತನ್ನು ತೋರಿಸಿಕೊಟ್ಟ ಪ್ರಯೋಗ ನಮ್ಮ ವಿದ್ಯೆಯಲ್ಲಿ ಇನ್ನೊಂದಿಲ್ಲ ಅಂತಲೇ ನಾನು ಹೇಳುವುದು.

ಹಾಗಾಗಿ ಮತ್ತೆ ಹೇಳುತ್ತೇನೆ. ರಕ್ತ ಬಂದರೆ ಬಿಡಬೇಡಿ, ಉಜ್ಜಿ. ಮೊದಲ ಕೆಲವು ದಿನ ಉಗುಳಿನಲ್ಲಿ ಕೆಂಪು ಕಾಣುತ್ತದೆ. ಹೆದರಬೇಡಿ. ಒಂದು ವಾರ, ಹತ್ತು ದಿನದಲ್ಲಿ ಕಡಿಮೆಯಾಗುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ ದಂತ ವೈದ್ಯರ ಬಳಿ ಹೋಗಿ. ಆ ಪದರ ಅಷ್ಟರಲ್ಲಿ ಗಟ್ಟಿಯಾಗಿ ಕಲ್ಲು ಕಟ್ಟಿರುತ್ತದೆ. ಅದು ನಿಮ್ಮ ಬ್ರಶ್ಶಿಗೆ ಬಗ್ಗುವುದಿಲ್ಲ.

ಉಜ್ಜುವುದು ಅಂದರೆ ಗರಗಸ ಎಳೆದ ಹಾಗೆ ಎಳೆದಾಡುವುದಲ್ಲ. ಮೆತ್ತನೆಯ ಎಳೆಗಳ ಬ್ರಶ್ ತೆಗೆದುಕೊಳ್ಳಿ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಇರುವಂತೆ ಓರೆಯಾಗಿ ಹಿಡಿಯಿರಿ. ಜಾಗ ಬಿಟ್ಟು ಕದಲದೆ ಸಣ್ಣಗೆ ಅಲ್ಲಾಡಿಸಿ, ಆಮೇಲೆ ಮುಂದಿನ ಹಲ್ಲಿಗೆ ಹೋಗಿ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ಎಲ್ಲರೂ ಮರೆಯುತ್ತಾರೆ. ನಾಲಿಗೆಯ ಅಡಿಯಿಂದ ಜೊಲ್ಲು ಬರುವುದು ಅದರ ಹತ್ತಿರವೇ. ಜೊಲ್ಲಿನಲ್ಲಿರುವ ಖನಿಜ ಸೇರಿ ಕಲ್ಲು ಹೆಚ್ಚು ಕಟ್ಟುವುದೂ ಅಲ್ಲಿಯೇ. ಕನ್ನಡಿ ಮುಂದೆ ಬಾಯಿ ತೆರೆದು ಒಮ್ಮೆ ನೋಡಿಕೊಳ್ಳಿ. ಇನ್ನು ಹಲ್ಲುಗಳ ನಡುವಿನ ಸಂದಿಗೆ ಯಾವ ಬ್ರಶ್ಶೂ ಸರಿಯಾಗಿ ಹೋಗುವುದಿಲ್ಲ. ಅಲ್ಲಿಗೆ ಫ್ಲಾಸ್ ದಾರ ಬೇಕು, ಇಲ್ಲವೇ ಸಂದಿಗೆಂದೇ ಮಾಡಿದ ಪುಟ್ಟ ಬ್ರಶ್. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಗಡಿಯಾರ ನೋಡಿ ಉಜ್ಜಿ. ಎರಡು ನಿಮಿಷ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ.

ಗಾಜಿನ ಆಚೆಯಿಂದ ಸಮಯ ಆಗುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಡೆನ್ಮಾರ್ಕಿನಲ್ಲಿ ಸ್ವಲ್ಪ ಜಾಸ್ತಿಯೇ ನಿಂತುಬಿಟ್ಟೆ ಅನ್ನಿಸುತ್ತದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಸ್ಕೇಲಿಂಗ್ ಅಂದರೆ ಹಲ್ಲು ಸ್ವಚ್ಛ ಮಾಡಿಸುವುದು. ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವವರಿದ್ದಾರೆ. ದಯವಿಟ್ಟು ಈ ಮಾತನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಕಲ್ಲು ಕೂತಿದ್ದ ಕಡೆ ವಸಡು ಮತ್ತು ಅದರಡಿಯ ಮೂಳೆ ಮೊದಲೇ ಕುಗ್ಗಿರುತ್ತವೆ. ಕಲ್ಲು ತೆಗೆದಾಗ ಅದು ನಿಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೇ. ವಸಡಿನ ಊತ ಹೋಗುತ್ತದೆ, ಹೋದ ಮೂಳೆ ತಾನಾಗಿ ಮರಳುವುದಿಲ್ಲ. ಅದಕ್ಕೇ ರಕ್ತ ಕಂಡಾಗಲೇ ಉಜ್ಜಿ ಅನ್ನುವುದು.

ಹುಳುಕಿನ ವಿಷಯ. ಸಿಹಿಯನ್ನು ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದೇ ದೊಡ್ಡದು. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಅದೇ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯಷ್ಟು ಹೊತ್ತು ಆಮ್ಲ ಹೊರಡಿಸುತ್ತವೆ. ತಿನ್ನುವುದಾದರೆ ಊಟದ ಜೊತೆ ತಿಂದು ಮುಗಿಸಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗೆ ಕಾವಲು ಇರುವುದಿಲ್ಲ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಿ ಅದನ್ನೆಲ್ಲ ತೊಳೆದು ಕಳೆಯಬೇಡಿ.

ತಂದೆ ತಾಯಂದಿರಿಗೆ ಒಂದು ಮಾತು. ಸುಮಾರು ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದೊಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುತ್ತೀರಿ. ಅದು ಶಾಶ್ವತ ಹಲ್ಲು. ಹುಳುಕಾಗಿ ಹೋದರೆ ಮತ್ತೊಂದು ಬರುವುದಿಲ್ಲ.

ಹಲ್ಲುನೋವು ತಾನಾಗಿ ನಿಂತಿತು ಅಂತ ಖುಷಿಪಡಬೇಡಿ. ಎಷ್ಟೋ ಸಲ ಒಳಗಿನ ನರ ಸತ್ತಿರುತ್ತದೆ, ಸೋಂಕು ಬೇರಿನ ಕಡೆ ಇಳಿಯುತ್ತಿರುತ್ತದೆ. ಬಾಯಿ ವಾಸನೆಗೆ ಮೌತ್‌ವಾಶ್ ಸುರಿದುಕೊಳ್ಳುವ ಮೊದಲು ನಾಲಿಗೆಯ ಹಿಂಭಾಗ ಕೆರೆದು ನೋಡಿ, ಆಮೇಲೆ ವಸಡು ನೋಡಿಕೊಳ್ಳಿ. ಅಲ್ಲಿಯೂ ರಕ್ತ ಬರುತ್ತಿದ್ದರೆ ಏನು ಮಾಡಬೇಕು ಅಂತ ಈಗ ನಿಮಗೇ ಗೊತ್ತು.

ಕೊನೆಯದು, ಆಟವಾಡುವಾಗ ಬಿದ್ದು ಹಲ್ಲು ಬೇರುಸಮೇತ ಕಿತ್ತು ಬಂದರೆ ಎಸೆಯಬೇಡಿ. ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದುಕೊಳ್ಳಿ. ಬೇರನ್ನು ಉಜ್ಜಿ ತೊಳೆಯಲೇಬೇಡಿ. ಒಂದು ಲೋಟ ಹಾಲಿನಲ್ಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ ದಂತ ವೈದ್ಯರ ಬಳಿ ಓಡಿ. ಅದೇ ಹಲ್ಲನ್ನು ಅದೇ ಜಾಗದಲ್ಲಿ ಕೂರಿಸಬಹುದು. ಹಾಲುಹಲ್ಲಾದರೆ ಮಾತ್ರ ಕೂರಿಸುವುದಿಲ್ಲ, ಅಡಿಯಲ್ಲಿ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ನನ್ನ ಸಮಯ ಮುಗಿಯಿತು. ನಮಸ್ಕಾರ.