ಮಂಡಿಗೂ ಒಂದು ಸ್ವರ

ಕೇಳುಗರಿಗೆಲ್ಲ ನಮಸ್ಕಾರ.

ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಗಣಪತಿ ಕೂರಿಸಿದ್ದರು. ಸಂಜೆ ಆರ್ಕೆಸ್ಟ್ರಾ. ಹಬ್ಬ ಅಲ್ವಾ ಅಂತ ನಾನು ಪಂಚೆ ಉಟ್ಟು ವೇದಿಕೆ ಮೇಲೆ ಕೂತಿದ್ದೆ. ಮುಂದೆ ನನ್ನ ಪೆಡಲ್ ಸ್ಟೀಲ್ ಗಿಟಾರ್. ಎರಡನೇ ಹಾಡಿನ ಮಧ್ಯೆ ಎಡ ಮಂಡಿಯನ್ನು ಒಳಕ್ಕೆ ತಳ್ಳಿದೆ. ಪಂಚೆಯ ನೆರಿಗೆ ಗಿಟಾರಿನ ಕೆಳಗಿನ ಲಿವರ್‌ಗೆ, ಅಂದರೆ ಮಂಡಿಯಿಂದ ತಳ್ಳುವ ಕಡ್ಡಿಗೆ, ಸಿಕ್ಕಿಕೊಂಡಿತು. ಲಿವರ್ ವಾಪಸ್ ಬರಲಿಲ್ಲ. ಷಡ್ಜ ಕೇಳಬೇಕಾದ ಕಡೆ ನಿಷಾದ ಗಟ್ಟಿಯಾಗಿ ಕೂತುಬಿಟ್ಟಿತು. ಕೀಬೋರ್ಡ್ ಹುಡುಗ ನನ್ನ ಮುಖ ನೋಡುತ್ತಾನೆ, ನಾನು ಪಂಚೆ ನೋಡುತ್ತೇನೆ.

ಗಿಟಾರ್ ಅಂದಮೇಲೆ ಅಲ್ಲಿ ಮಂಡಿಗೇನು ಕೆಲಸ ಅಂತ ನೀವು ಕೇಳಬಹುದು. ರೇಡಿಯೋದಲ್ಲಿ ತೋರಿಸುವುದಕ್ಕೆ ಆಗುವುದಿಲ್ಲ. ಕಣ್ಣು ಮುಚ್ಚಿ, ಇಸ್ತ್ರಿ ಮೇಜನ್ನು ನೆನೆಸಿಕೊಳ್ಳಿ. ನಾಲ್ಕು ಕಾಲಿನ ಮೇಲೆ ಉದ್ದನೆಯ ಹಲಗೆ, ಅದರ ಮೇಲೆ ಹತ್ತು ತಂತಿ. ಎಡಗೈಯಲ್ಲಿ ನುಣ್ಣನೆಯ ಉಕ್ಕಿನ ಸರಳು, ಬಲಗೈ ಬೆರಳುಗಳಿಗೆ ಪಿಕ್. ನಮ್ಮ ಗೋಟುವಾದ್ಯದಲ್ಲಿ ಮರದ ತುಂಡನ್ನು ತಂತಿ ಮೇಲೆ ಜಾರಿಸುತ್ತಾರಲ್ಲ, ಹಾಗೇ. ಆದರೆ ಸರಳು ಜಾರಿದರೆ ಅದರ ಕೆಳಗಿನ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ. ಒಂದು ತಂತಿ ಮಾತ್ರ ಮೇಲೇರಬೇಕು, ಪಕ್ಕದವು ಅಲ್ಲೇ ನಿಲ್ಲಬೇಕು ಅಂದರೆ ಏನು ಮಾಡುವುದು? ಅದಕ್ಕೇ ಕಾಲಿಗೆ ಪೆಡಲು, ಮಂಡಿಗೆ ಲಿವರು. ಹವಾಯಿ ದ್ವೀಪದಲ್ಲಿ ಹುಟ್ಟಿದ ಗಿಟಾರಿಗೆ ಅಮೆರಿಕದವರು ಇದನ್ನೆಲ್ಲ ಜೋಡಿಸಿದರು. 1954ರಲ್ಲಿ ಬಡ್ ಐಸಾಕ್ಸ್ ಅನ್ನುವವರು ತಂತಿ ಮಿಡಿದು, ಆ ನಾದ ಇನ್ನೂ ಇರುವಾಗಲೇ ಪೆಡಲ್ ಒತ್ತಿದ್ದು ಒಂದು ಜನಪ್ರಿಯ ರೆಕಾರ್ಡಿನಲ್ಲಿ ಕೇಳಿಸಿತು. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು.

ನನ್ನದು ಇ ನೈನ್ತ್ ಶ್ರುತಿಯ ಗಿಟಾರು. ಇ ಅನ್ನುವ ಪಾಶ್ಚಾತ್ಯ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ನಮಗೆ ಸುಲಭ. ಮೊದಲ ಪೆಡಲ್ ಒತ್ತಿದರೆ ಪಂಚಮ ಏರಿ ಧೈವತವಾಗುತ್ತದೆ. ಎರಡನೆಯದು ಗಾಂಧಾರವನ್ನು ಮಧ್ಯಮ ಮಾಡುತ್ತದೆ. ಎಡ ಮಂಡಿಯನ್ನು ಹೊರಕ್ಕೆ ತಳ್ಳಿದರೆ ಷಡ್ಜ ಅರ್ಧ ಸ್ವರ ಮೇಲೆ, ಒಳಕ್ಕೆ ತಳ್ಳಿದರೆ ಅರ್ಧ ಸ್ವರ ಕೆಳಗೆ. ಬಲ ಮಂಡಿಗೂ ಎರಡು ಲಿವರ್ ಇವೆ. ಬಲ ಪಾದ ಸುಮ್ನೆ ಇರುತ್ತದೆ ಅಂದುಕೊಳ್ಳಬೇಡಿ, ಅದಕ್ಕೆ ವಾಲ್ಯೂಮ್ ಪೆಡಲ್.

ಈ ಗಿಟಾರ್ ನನಗೆ ಸಿಕ್ಕಿದ್ದು ಅಕ್ಕನ ಮಗನಿಂದ. ಅಮೆರಿಕದಿಂದ ಬರುವಾಗ ಸೆಕೆಂಡ್ ಹ್ಯಾಂಡ್ ತಂದುಕೊಟ್ಟ. ಅದಕ್ಕೆ ಮುಂಚೆ ನಾನು ಇಪ್ಪತ್ತು ವರ್ಷ ಹವಾಯಿಯನ್ ಗಿಟಾರ್ ನುಡಿಸಿದವನು. ಕೈ ಪಳಗಿದೆ, ಇದೇನು ಮಹಾ ಅಂದುಕೊಂಡೆ. ಒಂದು ಗಂಟೆ ನುಡಿಸಿದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಲಿವರ್ ತಳ್ಳಿದರೆ ಪಾದ ಪೆಡಲಿನಿಂದ ಜಾರುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ. ಪರಿಚಯದ ಡಾಕ್ಟರ್ ಮಂಡಿಗೆ ಹಚ್ಚಲು ಮುಲಾಮು ಬರೆದುಕೊಟ್ಟರು. ಅದನ್ನೂ ಹಚ್ಚಿದೆ.

ಖಾಯಿಲೆ ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮ ಎದುರುಮನೆ ಹೆಣ್ಣುಮಗಳು. ಆಕೆ ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿನ ಪವರ್ ಮಷಿನ್‌ಗಳಿಗೂ ಮಂಡಿ ಲಿವರ್ ಇರುತ್ತದೆ, ಗೊತ್ತಾ? ಎರಡೂ ಕೈ ಬಟ್ಟೆ ಹಿಡಿದಿರುತ್ತವೆ. ಬಲ ಮಂಡಿಯಿಂದ ಪ್ಯಾಡನ್ನು ಪಕ್ಕಕ್ಕೆ ತಳ್ಳಿದರೆ ಸೂಜಿಯ ಹತ್ತಿರ ಬಟ್ಟೆ ಒತ್ತಿಹಿಡಿಯುವ ಫುಟ್ ಮೇಲೇಳುತ್ತದೆ. ದಿನಕ್ಕೆ ಎಷ್ಟು ಸಾವಿರ ಸಲ ತಳ್ಳುತ್ತಾಳೋ! ಆಕೆ ಒಂದು ಭಾನುವಾರ ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿದಳು.

"ಅಣ್ಣ, ನೀವು ತೊಡೇಲಿ ತಳ್ತಾ ಇದೀರ. ಮಂಡೀಲಿ ತಳ್ಬೇಕು. ಆ ಕುರ್ಚಿ ಮೊದ್ಲು ಆಚೆ ಹಾಕಿ" ಅಂದಳು.

ನಾನು ಕೂತಿದ್ದು ಪ್ಲಾಸ್ಟಿಕ್ ಕುರ್ಚಿ. ಅದರ ಸೀಟು ಹಿಂದಕ್ಕೆ ಇಳಿಜಾರು. ಕೂತವನು ಗೊತ್ತಿಲ್ಲದೇ ಹಿಂದಕ್ಕೆ ಜಾರುತ್ತಾ ಹೋಗುತ್ತಾನೆ. ಮಂಡಿ ಲಿವರಿನ ಅಂಚಿಗೆ ಮಾತ್ರ ತಾಗುತ್ತದೆ. ಆಮೇಲೆ ಸೊಂಟದಿಂದ ಶುರುಮಾಡಿ ಇಡೀ ತೊಡೆಯನ್ನು ಎಸೆಯಬೇಕು. ಹಳೇ ಮರದ ಸ್ಟೂಲ್ ತಂದೆ. ತೊಡೆ ನೆಲಕ್ಕೆ ಸಮವಾಗಿ ನಿಲ್ಲುವ ಹಾಗೆ ಅದರ ಕಾಲು ಕೊಯ್ಯಿಸಿದೆ. ಗಿಟಾರಿನ ಹನ್ನೆರಡರಿಂದ ಹದಿನೈದನೇ ಮನೆಯ, ಅಂದರೆ ಫ್ರೆಟ್ ಗುರುತಿನ, ಎದುರಿಗೆ ಮೂಗು ಬರುವ ಹಾಗೆ ಕೂತೆ. ಅರ್ಧ ನೋವು ಅಲ್ಲೇ ಹೋಯಿತು. ಮುಲಾಮಿನ ದುಡ್ಡು ದಂಡ.

ಕೂರುವ ಜಾಗ ಗಟ್ಟಿಯಾದ ಮೇಲೆ ಲಿವರ್ ಕಡೆ ನೋಡಬೇಕು. ನಾನು ಮಾಡಿದ್ದು ಉಲ್ಟಾ. ಮೊದಲೇ ಸ್ಕ್ರೂ ತಿರುಗಿಸಲು ಹೋಗಿ ಒಂದು ವಾರ ಹಾಳುಮಾಡಿಕೊಂಡೆ. ಪಾದ ಪೆಡಲಿನ ಮೇಲಿಟ್ಟು ಸಹಜವಾಗಿ ಕೂತಾಗ ಲಿವರ್ ಮಂಡಿಗೆ ಒಂದು ಬೆರಳಿನಷ್ಟು ದೂರ ಇರಬೇಕು. ಹತ್ತಿರ ಇದ್ದರೆ ಪೆಡಲ್ ಒತ್ತಿದಾಗ ಮಂಡಿ ಅಲ್ಲಾಡಿ ತಾನೇ ತಾಗಿಬಿಡುತ್ತದೆ, ಶ್ರುತಿ ಕೆಡುತ್ತದೆ. ದೂರ ಇದ್ದರೆ ತಾಳ ತಪ್ಪುತ್ತದೆ. ಬಹಳ ಗಿಟಾರುಗಳಲ್ಲಿ ಇದಕ್ಕೊಂದು ಸ್ಕ್ರೂ ಇರುತ್ತದೆ. ನನ್ನ ಒಂದು ಲಿವರ್ ಅಷ್ಟಕ್ಕೂ ಹತ್ತಿರ ಬರಲಿಲ್ಲ. ಸವೆದ ಹವಾಯಿ ಚಪ್ಪಲಿಯಿಂದ ಒಂದು ತುಂಡು ಕತ್ತರಿಸಿ ಅಂಟಿಸಿದೆ. ಹವಾಯಿ ಗಿಟಾರಿನ ಮೊಮ್ಮಗನಿಗೆ ಹವಾಯಿ ಚಪ್ಪಲಿ! ಇವತ್ತಿಗೂ ಅದೇ ಇದೆ.

ಇನ್ನು ಲಿವರ್ ಎಷ್ಟು ದೂರ ಓಡಬೇಕು, ಎಷ್ಟು ಬಿಗಿ ಇರಬೇಕು? ಗಿಟಾರನ್ನು ಬೋರಲು ಹಾಕಿದರೆ ಹೊಟ್ಟೆಯ ಒಳಗೆ ಸೈಕಲ್ ಅಂಗಡಿಯೇ ಕಾಣುತ್ತದೆ. ಅಡ್ಡಕ್ಕೆ ಹಾಯ್ದ ಕಂಬಿಗಳು, ಅವುಗಳ ಮೇಲೆ ಪುಟ್ಟ ಕ್ರ್ಯಾಂಕ್‌ಗಳು, ಅಲ್ಲಿಂದ ತಂತಿಯ ತುದಿಯವರೆಗೆ ಉದ್ದನೆಯ ರಾಡ್‌ಗಳು. ಲಿವರ್ ತಳ್ಳಿದರೆ ಕಂಬಿ ತಿರುಗುತ್ತದೆ, ಕ್ರ್ಯಾಂಕ್ ರಾಡನ್ನು ಎಳೆಯುತ್ತದೆ, ತಂತಿ ಬಿಗಿಯಾಗುತ್ತದೆ ಇಲ್ಲವೇ ಸಡಿಲವಾಗುತ್ತದೆ. ಕ್ರ್ಯಾಂಕಿನಲ್ಲಿ ರಾಡ್ ಸಿಕ್ಕಿಸಲು ಮೂರ್ನಾಲ್ಕು ಜಾಗ ಇರುತ್ತವೆ. ಆಟ ಇರುವುದೇ ಅಲ್ಲಿ. ಕೋಲಿನ ತುದಿಗೆ ಬಕೆಟ್ ನೇತುಹಾಕಿ ಎತ್ತಿ ನೋಡಿ, ಭಾರ. ಕೈಯ ಹತ್ತಿರಕ್ಕೆ ಸರಿಸಿ, ಹಗುರ. ಹಾಗೆಯೇ ರಾಡ್ ಕಂಬಿಯಿಂದ ದೂರ ಇದ್ದರೆ ಲಿವರ್ ಬಿಗಿ, ಆದರೆ ಸ್ವಲ್ಪ ತಳ್ಳಿದರೆ ಸಾಕು. ಹತ್ತಿರ ಇದ್ದರೆ ಬೆಣ್ಣೆಯ ಹಾಗೆ, ಆದರೆ ದೂರ ತಳ್ಳಬೇಕು. ಎರಡೂ ಬೇಕು ಅಂದರೆ ಆಗುವುದಿಲ್ಲ. ನಾನು ಹಗುರದ ಆಸೆಗೆ ಎಲ್ಲವನ್ನೂ ಹತ್ತಿರ ಸಿಕ್ಕಿಸಿದೆ. ಮಂಡಿ ಓಡಿ ಓಡಿ ಸುಸ್ತಾಯಿತು. ಕೊನೆಗೆ ಷಡ್ಜ ಇಳಿಸುವ ಲಿವರನ್ನು ಸ್ವಲ್ಪ ಬಿಗಿ ಮಾಡಿದೆ. ನನ್ನ ಅಭಿಪ್ರಾಯ ಕೇಳಿದರೆ, ಚೂರು ಬಿಗಿಯೇ ಒಳ್ಳೆಯದು. ಮಂಡಿಗೆ ಏನೋ ಸಿಕ್ಕಿತು ಅನ್ನಿಸಬೇಕು.

ಇಳಿಸುವ ಲಿವರಿಗೆ ಇನ್ನೊಂದು ಕಾಟ ಇದೆ. ಮಂಡಿ ಬಿಟ್ಟ ಮೇಲೆ ತಂತಿ ಸರಿಯಾಗಿ ಮೊದಲಿನ ಸ್ವರಕ್ಕೇ ಬರಬೇಕು. ಅದನ್ನು ವಾಪಸ್ ಎಳೆಯುವುದು ಒಂದು ಸ್ಪ್ರಿಂಗ್. ಸ್ಪ್ರಿಂಗ್ ಸಡಿಲವಾದರೆ ತಂತಿ ಪೂರ್ತಿ ಹಿಂದಿರುಗುವುದಿಲ್ಲ. ಜಾಸ್ತಿ ಬಿಗಿ ಮಾಡಿದರೆ ಮಂಡಿಗೆ ಕಲ್ಲು ತಳ್ಳಿದ ಹಾಗೆ. ನಾನು ಕಾಲು ಸುತ್ತು ತಿರುಗಿಸುವುದು, ಹತ್ತು ಸಲ ತಳ್ಳಿ ಬಿಡುವುದು, ಟ್ಯೂನರ್ ನೋಡುವುದು, ಮತ್ತೆ ಕಾಲು ಸುತ್ತು. ಮಳೆಗಾಲದಲ್ಲಿ ಒಳಗಿನ ಕೀಲುಗಳು ಸ್ವಲ್ಪ ಹಿಡಿದುಕೊಳ್ಳುತ್ತವೆ. ಹೊಲಿಗೆ ಮಷಿನ್ ಎಣ್ಣೆ ಒಂದೇ ಒಂದು ಹನಿ ಸಾಕು. ಸುರಿದರೆ ದೂಳು ಮೆತ್ತಿಕೊಳ್ಳುತ್ತದೆ.

ಶ್ರುತಿ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಏನೂ ಒತ್ತದೇ ಬಿರಡೆ ತಿರುಗಿಸಿ ತಂತಿಗಳನ್ನು ಕೂಡಿಸಿಕೊಳ್ಳಬೇಕು. ಆಮೇಲೆ ಪೆಡಲು, ಲಿವರು ಒಂದೊಂದಾಗಿ ಒತ್ತಿ, ಬಲ ತುದಿಯಲ್ಲಿರುವ ನೈಲಾನ್ ನಟ್ ತಿರುಗಿಸಬೇಕು. ಒತ್ತಿದಾಗ ಸ್ವರ ಸರಿ ಇಲ್ಲ ಅಂತ ಬಿರಡೆ ಮುಟ್ಟಿದಿರೋ, ಇಡೀ ಸಂಜೆ ಅಲ್ಲೇ ಕಳೆಯುತ್ತದೆ.

ಈ ಲಿವರುಗಳ ಜಾಗವನ್ನು ಯಾರೋ ಸುಮ್ನೆ ಇಟ್ಟಿಲ್ಲ. ಎಡ ಪಾದವನ್ನು ಎರಡನೇ ಪೆಡಲಿನಿಂದ ಮೊದಲ ಪೆಡಲಿಗೆ ವಾಲಿಸಿ ನೋಡಿ. ಮಂಡಿ ತಾನಾಗೇ ಎಡಕ್ಕೆ ಹೋಗುತ್ತದೆ. ಷಡ್ಜ ಏರಿಸುವ ಲಿವರ್ ಅಲ್ಲೇ ಕಾಯುತ್ತಿರುತ್ತದೆ. ಇದು ಬಡ್ಡಿ ಎಮನ್ಸ್ ಅನ್ನುವ ವಾದಕರ ಹೆಸರಿನ ಜೋಡಣೆ. ಜಿಮ್ಮಿ ಡೇ ಅನ್ನುವ ವಾದಕರ ಹೆಸರಿನದು ಇನ್ನೊಂದಿದೆ. ಅದರಲ್ಲಿ ಪೆಡಲುಗಳ ಸಾಲು ತಿರುಗುಮುರುಗು, ಹಾಗಾಗಿ ಲಿವರೂ ಆ ಕಡೆಗೆ. ಯಾವುದು ಮೇಲು ಅಂತ ಕೇಳಬೇಡಿ. ಮುದ್ದೆಯೋ ಅನ್ನವೋ ಅಂದ ಹಾಗಾಗುತ್ತದೆ.

ಎಲ್ಲ ಸರಿಹೋದ ಮೇಲೆ ಒಂದು ಬೆಳಿಗ್ಗೆ ಎದುರುಮನೆಯವಳನ್ನು ಕರೆದೆ. ಬಾಮ್ಮ, ಒಂದ್ಸಲ ಕೂತು ನೋಡು ಅಂದೆ. ನಾಚಿಕೊಂಡೇ ಕೂತಳು. ತಂತಿ ನಾನು ಮಿಡಿದೆ. ಆಕೆ ಮಂಡಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಷಡ್ಜ ಇಳಿದು ನಿಷಾದಕ್ಕೆ ಬಂತು, ಬಿಟ್ಟಾಗ ಒಂದು ಚೂರೂ ಆಚೀಚೆ ಆಗದೆ ವಾಪಸ್ ಹೋಗಿ ಕೂತಿತು. ಸೊಂಟ ಅಲ್ಲಾಡಲೇ ಇಲ್ಲ. ಇನ್ನೊಂದ್ಸಲ ಅಂದಳು. ಮಿಡಿದೆ. ಮೂರನೇ ಸಲಕ್ಕೆ ಬೀದಿ ತುದಿಯಲ್ಲಿ ಫ್ಯಾಕ್ಟರಿ ಬಸ್ಸಿನ ಹಾರನ್ ಕೇಳಿಸಿತು. ಟಿಫಿನ್ ಬಾಕ್ಸ್ ಎತ್ತಿಕೊಂಡು ಓಡಿದಳು.

ನಮಸ್ಕಾರ.