ಜಿಲ್ಲಾ ಜೈಲು ನಡೆಯುವುದು ಹೇಗೆ? ಎಡವುವುದೆಲ್ಲಿ?

[ದೃಶ್ಯ: ಜೈಲಿನ ಗೋಡೆ, ಹೊರಗೆ ಬಟ್ಟೆಚೀಲ ಹಿಡಿದು ಕಾದಿರುವ ಮನೆಯವರು]

ನಿರೂಪಣೆ:
ಜೈಲು ಅಂದರೆ ಶಿಕ್ಷೆ ಅಂದುಕೊಳ್ಳುತ್ತೇವೆ. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಕರ್ನಾಟಕದಲ್ಲಿ ದೊಡ್ಡ ಶಿಕ್ಷೆಯಾದವರು ಬೆಳಗಾವಿಯ ಹಿಂಡಲಗಾ, ಬಳ್ಳಾರಿ, ಮೈಸೂರಿನಂಥ ಕೇಂದ್ರ ಕಾರಾಗೃಹಗಳಿಗೆ ಹೋಗುತ್ತಾರೆ. ಜಿಲ್ಲಾ ಜೈಲಿನಲ್ಲಿ ಉಳಿಯುವವರು ಬಹುಪಾಲು ಮುಂದಿನ ತಾರೀಖಿಗೆ ಕಾಯುವವರು.

[ದೃಶ್ಯ: ಎರಡು ಗೇಟುಗಳ ಗ್ರಾಫಿಕ್]

ಹೆಬ್ಬಾಗಿಲಲ್ಲಿ ಗೇಟು ಎರಡು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ನಡುವಿನ ಜಾಗದಲ್ಲಿ ಮೊದಲು ನೋಡುವುದು ಮನುಷ್ಯನನ್ನಲ್ಲ, ವಾರಂಟನ್ನು, ಅಂದರೆ ಅವನನ್ನು ಜೈಲಿನಲ್ಲಿಡಲು ಕೋರ್ಟ್ ಕೊಟ್ಟ ಆದೇಶವನ್ನು. ಹೆಸರು, ತಂದೆ ಹೆಸರು, ಅಪರಾಧ ಸಂಖ್ಯೆ, ಕಲಂ, ಕೋರ್ಟಿನ ಮೊಹರು, ಮುಂದಿನ ತಾರೀಖು. ಸರಿಯಾದ ವಾರಂಟ್ ಇಲ್ಲದೆ ಯಾರನ್ನೂ ಒಳಗೆ ಬಿಟ್ಟುಕೊಳ್ಳುವಂತಿಲ್ಲ. ಆಮೇಲೆ ಮೈ ತಪಾಸಣೆ. ಹಣ, ಒಡವೆಗಳನ್ನು ಬರೆದುಕೊಂಡು ಸಹಿ. ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ಫೋಟೊ, ವಿವರ. ಕೊನೆಗೆ ಯುಟಿಪಿ (ವಿಚಾರಣಾಧೀನ ಬಂದಿ) ನಂಬರ್. ಮೈಮೇಲಿನ ಗಾಯಗಳನ್ನು ಇದೇ ಹಂತದಲ್ಲಿ ದಾಖಲಿಸಬೇಕು. ಬಿಟ್ಟರೆ, ಪೆಟ್ಟು ಠಾಣೆಯಲ್ಲಿ ಬಿತ್ತೋ ಜೈಲಿನಲ್ಲೋ ಎಂದು ಆಮೇಲೆ ಹೇಳುವುದು ಕಷ್ಟ.

ಮೊದಲ ಮೂರು ದಿನ ಬಹಳ ನಾಜೂಕು. ದಿನವೂ ಕುಡಿಯುತ್ತಿದ್ದವನಿಗೆ ಮದ್ಯ ನಿಂತ ಕೆಲವೇ ಗಂಟೆಗಳಲ್ಲಿ ಕೈ ನಡುಗಬಹುದು. ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ದಿಕ್ಕು ತಪ್ಪಿ ಮಾತಾಡಬಹುದು. ಅದನ್ನು 'ನಾಟಕ' ಅಂತ ತಳ್ಳಿಹಾಕಿದರೆ ಜೀವಕ್ಕೇ ಅಪಾಯ. ಆತ್ಮಹತ್ಯೆಯ ಭಯವೂ ಈ ದಿನಗಳಲ್ಲೇ ಹೆಚ್ಚು. ಸಣ್ಣ ಜೈಲುಗಳಲ್ಲಿ ರಾತ್ರಿ ಹೊತ್ತು ವೈದ್ಯರಿರುವುದು ಅಪರೂಪ. ಗುರುತಿಸಬೇಕಾದವನು ಪಹರೆಯ ವಾರ್ಡರ್.

[ದೃಶ್ಯ: ಬ್ಯಾರಕ್ ನಕ್ಷೆ]

ಈಗ ಜಾಗದ ಲೆಕ್ಕ. ಕೇಂದ್ರ ಸರ್ಕಾರದ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಬ್ಯಾರಕ್‌ನಲ್ಲಿ ಒಬ್ಬನಿಗೆ 3.71 ಚದರ ಮೀಟರ್, ಅಂದರೆ ಸುಮಾರು 40 ಚದರ ಅಡಿ. ಮೂವತ್ತು ಜನರ ಬ್ಯಾರಕ್‌ಗೆ ನಲವತ್ತೈದು ಜನರನ್ನು ತುಂಬಿದರೆ ಒಬ್ಬನಿಗೆ ಸಿಗುವುದು 27 ಚದರ ಅಡಿಯೂ ಇಲ್ಲ. ಶೌಚಾಲಯದ ಸಾಲು, ಕಜ್ಜಿ, ಕ್ಷಯ, ಮಲಗುವ ಜಾಗಕ್ಕೆ ಜಗಳ ಎಲ್ಲ ಇಲ್ಲಿಂದಲೇ ಶುರು. ಹಾಗಂತ ಸರಾಸರಿಯನ್ನು ನಂಬಬೇಡಿ. ಹೆಂಗಸರು ಬೇರೆ ಇರಬೇಕು, ಎದುರಾಳಿ ಗುಂಪುಗಳು ಬೇರೆ, ಕೆಮ್ಮುವ ಕ್ಷಯರೋಗಿ ಬೇರೆ. ಹೀಗಾಗಿ ಒಂದು ಕೊಠಡಿ ಅರ್ಧ ಖಾಲಿ ಇದ್ದಾಗಲೇ ಪಕ್ಕದ ಬ್ಯಾರಕ್‌ನಲ್ಲಿ ಕಾಲು ಚಾಚಲು ಜಾಗವಿರುವುದಿಲ್ಲ.

ಊರ ನಡುವಿನ ಜೈಲಿಗೆ ಇನ್ನೊಂದು ಪೀಡೆ: ರಸ್ತೆಯಿಂದ ಗೋಡೆಯಾಚೆ ಹಾರಿ ಬೀಳುವ ಪೊಟ್ಟಣ. ಬೀಡಿ, ಗಾಂಜಾ, ಮೊಬೈಲು. ಜಾಮರ್ ಹಾಕಿದರೆ ಮುಗಿಯಿತಲ್ಲ ಅನ್ನಬಹುದು. ಮಂಗಳೂರಿನ ಕೊಡಿಯಾಲಬೈಲಿನಲ್ಲಿ 2025ರಲ್ಲಿ ಜೈಲಿನ ಜಾಮರ್‌ನಿಂದ ಅಕ್ಕಪಕ್ಕದ ಮನೆ, ಅಂಗಡಿಗಳ ಫೋನೂ ಸತ್ತುಹೋಗುತ್ತಿದೆ ಎಂದು ಜನ ಬೀದಿಗಿಳಿದರು. ಸಿಗ್ನಲ್ಲಿಗೆ ಕಾಂಪೌಂಡ್ ಗೊತ್ತಿಲ್ಲ.

[ದೃಶ್ಯ: ಪೊಲೀಸ್ ವ್ಯಾನ್, ನಂತರ ವಿಡಿಯೋ ಕಾನ್ಫರೆನ್ಸ್ ಕೊಠಡಿ]

ಕೋರ್ಟಿಗೆ ಕರೆದೊಯ್ಯುವುದು ಜೈಲಿನವರಲ್ಲ, ಜಿಲ್ಲಾ ಸಶಸ್ತ್ರ ಪೊಲೀಸರು. ಗಣೇಶೋತ್ಸವದ ಬಂದೋಬಸ್ತಿಗೆ ಅವರು ಹೋದರೆ ಎಸ್ಕಾರ್ಟ್ ಇಲ್ಲ, ವಿಚಾರಣೆ ಮುಂದಕ್ಕೆ. ನ್ಯಾಯಾಂಗ ಬಂಧನ ಮುಂದುವರಿಸಲು ವಿಡಿಯೋದಲ್ಲಿ ಹಾಜರುಪಡಿಸಿದರೂ ನಡೆಯುತ್ತದೆ. ಆದರೆ ಅರ್ಧ ನಿಮಿಷ ಪರದೆಯಲ್ಲಿ ಮುಖ ತೋರಿಸುವವನು ತನ್ನ ವಕೀಲರ ಜೊತೆ ಮಾತಾಡುವುದು ಯಾವಾಗ?

ಒಳಹರಿವನ್ನು ಜೈಲು ತಡೆಯಲಾರದು. ಹೊರಹರಿವಿಗೆ ಮಾತ್ರ ಅಧೀಕ್ಷಕರ ಕೈಯಲ್ಲಿ ಒಂದು ಅಸ್ತ್ರವಿದೆ: 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ, ಬಿಡುಗಡೆಗಾಗಿ ಕೋರ್ಟಿಗೆ ಬರೆಯಬೇಕಾದದ್ದು ಅಧೀಕ್ಷಕರೇ. ಉಳಿದವರಿಗೆ ಅರ್ಧ. ಮನೆಗಳ್ಳತನಕ್ಕೆ ಗರಿಷ್ಠ ಏಳು ವರ್ಷ. ಹಿಂದೆ ಶಿಕ್ಷೆಯಾಗಿರದವನಿಗೆ ಲೆಕ್ಕ ಎರಡು ವರ್ಷ ನಾಲ್ಕು ತಿಂಗಳು. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇಲ್ಲ. ಹಾಗಾಗಿ ಮೂರು ಬೈಕ್ ಕದ್ದ ಆರೋಪದಲ್ಲಿ ಮೂರು ಕೇಸು ಬಿದ್ದವನು ಈ ಲೆಕ್ಕದಿಂದಲೇ ಹೊರಗೆ. ನಮ್ಮ ಮಟ್ಟಿಗೆ ಈ ಕಲಮಿನ ದೊಡ್ಡ ತೂತು ಇದೇ.

[ದೃಶ್ಯ: ಬಿಡುಗಡೆ ಆದೇಶದ ಮಾದರಿ]

ಜಾಮೀನು ಸಿಕ್ಕರೂ ಹೊರಬರದವರಿದ್ದಾರೆ. ಶ್ಯೂರಿಟಿ ಕೊಡಲು ಪಹಣಿ ಇರುವ ನೆಂಟರಿಲ್ಲ. ಸುಪ್ರೀಂ ಕೋರ್ಟಿನ 2023ರ ಜನವರಿ 31ರ ನಿರ್ದೇಶನದಂತೆ, ಜಾಮೀನಾಗಿ ಏಳು ದಿನವಾದರೂ ಬಂದಿ ಹೊರಗೆ ಹೋಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಬಡ ಬಂದಿಗಳಿಗೆ ನೆರವಿನ ಕೇಂದ್ರ ಯೋಜನೆಯಲ್ಲಿ ಜಾಮೀನಿಗೂ ದಂಡ ಕಟ್ಟಲೂ ಹಣವಿದೆ; 2023ರ ಮಾರ್ಗಸೂಚಿಯಲ್ಲಿ ಜಾಮೀನಿಗೆ 40,000 ರೂಪಾಯಿ, ದಂಡಕ್ಕೆ 25,000 ಮಿತಿ ಇತ್ತು. ಮನೆಯವರು ಇದನ್ನು ಹೆಸರು ಹಿಡಿದೇ ಕೇಳಬೇಕು.

ಬಿಡುಗಡೆ ಆದೇಶ ಬಂದ ಮೇಲೂ ಜೈಲಿನಲ್ಲಿ ಎರಡು ತಾಳೆ ನಡೆಯುತ್ತದೆ: ಬೇರೆ ಕೇಸಿನ ವಾರಂಟ್ ಇದೆಯೇ, ಮೈಮೇಲಿನ ಗುರುತು ಸರಿಯಿದೆಯೇ. ಸಂಜೆ ಬಂದಿಗಳನ್ನು ಒಳಗೆ ಕಳಿಸಿ ಬ್ಯಾರಕ್‌ಗೆ ಬೀಗ ಹಾಕಿದ ಮೇಲೆ ಆದೇಶ ತಲುಪಿದರೆ ಸಾಮಾನ್ಯವಾಗಿ ಬಿಡುಗಡೆ ಮರುದಿನಕ್ಕೆ. ವಾರಂಟಿನಲ್ಲಿ 'ಮಂಜುನಾಥ', ಆದೇಶದಲ್ಲಿ 'ಮಂಜಪ್ಪ' ಅಂತಿದ್ದರೆ ಕಾಗದ ತಿದ್ದುಪಡಿಗೆ ವಾಪಸ್ ಕೋರ್ಟಿಗೆ. ಅಂದು ಶನಿವಾರವಾಗಿದ್ದರೆ ಸೋಮವಾರದವರೆಗೆ ಒಳಗೇ. ಅದಕ್ಕೇ ಕೋರ್ಟಿನಿಂದ ಹೊರಡುವ ಮುಂಚೆ ಆದೇಶದಲ್ಲಿನ ಹೆಸರು, ತಂದೆ ಹೆಸರು, ಅಪರಾಧ ಸಂಖ್ಯೆ ಮೂರನ್ನೂ ವಾರಂಟಿನ ಜೊತೆ ಅಕ್ಷರಕ್ಕಕ್ಷರ ಹೊಂದಿಸಿ ನೋಡಿಕೊಳ್ಳಿ.